ಹಾಲವ್ವ ಸಂಕಣ್ಣರು ದಾರ ಹೊಸೆದ ಕಥೆ

ದೀಪದ ಕುಡಿ ಸರಿಮಾಡಿ, ಅಕ್ಷತೆ ಕೈಯಲ್ಲಿ ಹಿಡಿದು, ಹೊಸದಾಗಿ ಮದುವೆಯಾದವರೆಲ್ಲ ಮುಂದೆ ಬಂದು ಕೂತು ಕೇಳಿರಿ. ನಗು ಬಂದರೆ ನಗಿರಿ, ಗೌರಿಗೆ ಸಿಟ್ಟಿಲ್ಲ.

ಹೂವಿನಪುರವೆಂಬ ಊರಿನಲ್ಲಿ ಸಂಕಣ್ಣನೆಂಬ ಹೂಗಾರನಿದ್ದನು. ಅವನು ಒಂದು ಮಾಲೆ ಕಟ್ಟಲು ಕೂತರೆ ಹೊತ್ತು ನೆತ್ತಿಗೆ ಬರುತ್ತಿತ್ತು, ಆದರೆ ಅವನು ಹಾಕಿದ ಗಂಟು ಸಡಿಲಿದ್ದನ್ನು ಕಂಡವರಿಲ್ಲ. ಅವನ ಕೈಹಿಡಿದ ಹಾಲವ್ವ ಅಷ್ಟರಲ್ಲಿ ಹತ್ತು ಮಾಲೆ ಕಟ್ಟಿ, ನೂರು ಮಾತಾಡಿ, ಅಡುಗೆಯನ್ನೂ ಮುಗಿಸುವಳು. ಆಮೆಗೂ ಅಳಿಲಿಗೂ ಗಂಟುಹಾಕಿದರೆಂದು ಊರು ನಕ್ಕಿತು. ಆ ನಗೆಗೆ ನಾಚಿ, ಇಬ್ಬರೂ ಒಬ್ಬರಿಗೊಬ್ಬರು ಹೇಳದೆ, ಇನ್ನೊಬ್ಬರಂತೆ ಆಗುವೆನೆಂದು ಮನಸ್ಸಿನಲ್ಲೇ ನಿಶ್ಚಯಿಸಿದರು.

ಆ ಊರಿನಲ್ಲಿ ಶ್ರಾವಣದ ಕಡೆಯ ಶುಕ್ರವಾರ ಗಂಡಹೆಂಡಿರು ಗೌರಿಯ ಮುಂದೆ ಎದುರುಬದುರು ಕೂತು, ಒಂಬತ್ತೆಳೆಯ ಅರಿಶಿನ ನೂಲಿನ ಒಂದೊಂದು ತುದಿ ಹಿಡಿದು ಹುರಿ ಹೊಸೆದು, ಹೆಂಡತಿಯ ಕೈಗೆ ಕಟ್ಟಬೇಕು. ದಾರ ವರ್ಷವಿಡೀ ನಿಲ್ಲಬೇಕು. ಎರಡನೆಯ ಸಲವೂ ನಿಲ್ಲದಿದ್ದರೆ ಸೊಸೆ ತವರಿಗೆ ಹೋಗತಕ್ಕದ್ದೆಂದು ಕಟ್ಟಳೆ.

ಮೊದಲ ವರ್ಷ ಹಾಲವ್ವ ಗಂಡನಂತಾಗಲು ಹೋಗಿ, ಅವನ ಕೈ ತಿರುಗಿದ ಕಡೆಗೇ ತನ್ನ ಕೈಯನ್ನೂ ತಿರುಗಿಸಲು, ನೂಲು ಉರುಳಿತೇ ಹೊರತು ಹುರಿಗೊಳ್ಳಲಿಲ್ಲ. ಕಟ್ಟಿದ ಮೂರನೆಯ ದಿನವೇ ಎಳೆ ಎಳೆಯಾಗಿ ಬಿಚ್ಚಿಹೋಯಿತು. ಅಂದಿನಿಂದ ಮನೆಯಲ್ಲಿ ಏನೂ ನೆಟ್ಟಗಾಗಲಿಲ್ಲ. ಅವಳು ನಿಧಾನವಾಗಿ ಕಟ್ಟಲು ಹೂವು ಬಾಡಿತು. ಅವನು ಅವಸರದಿಂದ ಕಟ್ಟಲು ಮಾಲೆ ದೇವರ ಕೊರಳಲ್ಲೇ ಉದುರಿತು. ನಿನ್ನಿಂದ ಕೆಟ್ಟೆನೆಂದು ಅವನು, ನಿನಗಾಗಿಯೇ ಕೆಟ್ಟೆನೆಂದು ಅವಳು, ಹೀಗೆ ಜಗಳವಾಡುತ್ತ ವರ್ಷ ಕಳೆಯಿತು. ಪ್ರೀತಿಯೇನೋ ಇತ್ತು, ಹೇಳಲು ಇಬ್ಬರಿಗೂ ಬಿಗುಮಾನ.

ಮರುವರ್ಷದ ವ್ರತದ ದಿನ, ದಾರ ಹೇಗೂ ನಿಲ್ಲದೆಂದು ತಿಳಿದು ಹಾಲವ್ವನ ಅಣ್ಣ ಗಾಡಿ ಹೂಡಿಕೊಂಡು ಬಂದು ಬಾಗಿಲಲ್ಲೇ ಕಾದನು. ಆಗ ಗೌರಿಯು ಮುದುಕಿ ಬಳೆಗಾರ್ತಿಯ ರೂಪದಲ್ಲಿ ಬಂದು ಹೊಸ್ತಿಲ ಮೇಲೆ ಕೂತು, ಇವರು ಹೊಸೆಯುವುದನ್ನು ನೋಡಿ ಹಣೆ ಚಚ್ಚಿಕೊಂಡಳು.

“ನೀ ನಿನ್ನ ಬಲಕ್ಕ ಹೊಸಿಯವ್ವ, ಅಂವ ತನ್ನ ಬಲಕ್ಕ ಹೊಸೀಲಿ. ಎದುರು ತಿರುವು ಇಲ್ಲದ ಹುರಿ ಆಗೂದಿಲ್ಲ” ಎಂದಳು.

ವರ್ಷದ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಇಬ್ಬರೂ ಹಟದಿಂದ ಹೊಸೆದರು. ಹುರಿ ಬಿಗಿಯಾಯಿತು. ಬಿಗಿಯಾದಂತೆ ಗಿಡ್ಡವಾಯಿತು. ಗಿಡ್ಡವಾದಂತೆ ಇಬ್ಬರನ್ನೂ ಮುಂದಕ್ಕೆಳೆಯಿತು. ಮೊಣಕಾಲಿಗೆ ಮೊಣಕಾಲು ತಾಗಿದರೂ ಯಾರೂ ತುದಿ ಬಿಡಲಿಲ್ಲ.

ಸಂಕಣ್ಣ ತನ್ನ ಸಡಿಲದ ಗಂಟು ಹಾಕುತ್ತ, “ನೀ ಹೋದರ ಈ ಮನ್ಯಾಗ ಮಾತ ಇರೂದಿಲ್ಲ” ಎಂದನು. ಹಾಲವ್ವ ಕಣ್ಣೊರೆಸಿಕೊಂಡು, ಅಣ್ಣನನ್ನು ಊಟಕ್ಕೆ ಕರೆಯಲು ಬಾಗಿಲಿಗೆ ಬಂದಳು. ಹೊಸ್ತಿಲಲ್ಲಿ ಹಸಿರು ಬಳೆಗಳಿದ್ದವು, ಮುದುಕಿ ಇರಲಿಲ್ಲ. ಅಣ್ಣ ಹೋಳಿಗೆ ಉಂಡು ಬರಿಗಾಡಿ ಹೊಡೆದುಕೊಂಡು ಹೋದನು.

ಬಳಿಕ ಅವಳು ಕೈಬೀಸಿ ಹೂವು ಜೋಡಿಸಲು, ಅವನು ಗಂಟು ಹಾಕಲು, ಆಳೆತ್ತರದ ಹಾರಗಳು ಊರೂರಿಗೆ ಹೋದವು. ನಕ್ಕವರೇ ಹಾರಕ್ಕಾಗಿ ಅವರ ಬಾಗಿಲಲ್ಲಿ ಕಾದು ನಿಂತರು. ಆ ದಾರ ಮುಂದಿನ ಶ್ರಾವಣದವರೆಗೂ ಒಂದೆಳೆ ಸಡಿಲಲಿಲ್ಲ.

ಈ ಕಥೆ ಓದಿದವರಿಗೂ, ಕೇಳಿದವರಿಗೂ, ಜಗಳವಾಡಿ ಬಂದು ಬೇರೆ ಬೇರೆ ಮೂಲೆಯಲ್ಲಿ ಕೂತವರಿಗೂ ಗೌರಿ ಅದೇ ಫಲ ಕೊಡಲಿ. ಅಕ್ಷತೆ ಹಾಕಿರಿ, ಹತ್ತಿರ ಸರಿದು ಕೂತು ನೂಲಿನ ತುದಿ ಹಿಡಿಯಿರಿ.