ಧೂಳುಗಡಲಿನ ಹನ್ನೊಂದು ಹಡಗು

"ಗುರುಗಳೇ, ನನಗೇ ಖಚಿತವಿಲ್ಲದ್ದನ್ನು ಇನ್ನೊಬ್ಬರಿಗೆ ಖಚಿತವೆಂಬಂತೆ ಹೇಗೆ ಹೇಳಲಿ?"

ಶಿಷ್ಯ ಇದನ್ನು ಕೇಳಿದ್ದು ಹೊರಡುವ ಹಿಂದಿನ ದಿನ. ಹೊಳೆಯಾಚೆಯ ಮಠದಲ್ಲಿ ಪಾಠ ಹೇಳುತ್ತಿದ್ದ ಹಿರಿಯರು ತೀರಿಕೊಂಡಿದ್ದರು. ಅವರ ಜಾಗಕ್ಕೆ ಇವನನ್ನು ಕಳಿಸುವುದೆಂದು ಗುರುಗಳು ತೀರ್ಮಾನಿಸಿದ್ದರು. ಅಲ್ಲಿ ಹದಿನಾಲ್ಕು ಮಂದಿ ಕಾದು ಕೂತಿದ್ದರು. ಸುದ್ದಿ ಕೇಳಿದಂದಿನಿಂದ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಓದಿದ್ದೆಲ್ಲ ನೆನಪಿತ್ತು, ಆದರೆ ಅದರ ಮೇಲಿನ ನಂಬಿಕೆ ಅಲ್ಲಾಡುತ್ತಿತ್ತು.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಒಂದು ಕತೆ ಹೇಳುತ್ತೇನೆ. ನಡೆಯುವುದು ಅಂತರಿಕ್ಷದಲ್ಲಿ."

"ಅಂತರಿಕ್ಷದಲ್ಲೇ?"

"ಎತ್ತಿನ ಗಾಡಿಯ ಕತೆ ಹೇಳಿದಾಗಲೆಲ್ಲ ನೀನು ಆಕಳಿಸಿದ್ದೀಯ. ಅದಕ್ಕೇ ಈ ಸಲ ಹಡಗು ತಂದಿದ್ದೇನೆ. ಕೇಳು."

ಎರಡು ಲೋಕಗಳಿದ್ದವು. ಒಂದರಲ್ಲಿ ಉಸಿರಾಡುವ ಗಾಳಿ ಮುಗಿಯುತ್ತ ಬಂದಿತ್ತು. ಇನ್ನೊಂದರಲ್ಲಿ ಬೇಕಾದಷ್ಟಿತ್ತು. ಗಾಳಿಯಿಲ್ಲದ ಲೋಕದ ಜನ ಮನೆ ಮಠ ಬಿಟ್ಟು ಹಡಗು ಹತ್ತಿ ಗಾಳಿಯಿರುವ ಲೋಕಕ್ಕೆ ಹೊರಡುತ್ತಿದ್ದರು. ನಡುವೆ ಧೂಳುಗಡಲು. ಹೆಸರಿಗೆ ಕಡಲು, ಒಳಗೆ ಬರೀ ಧೂಳು. ಸುತ್ತಿಕೊಂಡು ಹೋಗುತ್ತೇನೆಂದರೆ ಮೂವತ್ತು ವರ್ಷ. ಹಾಯ್ದು ಹೋದರೆ ಒಂಬತ್ತು ದಿನ.

ಆ ಒಂಬತ್ತು ದಿನ ನಕ್ಷತ್ರ ಕಾಣುವುದಿಲ್ಲ. ದಿಕ್ಕು ತೋರಿಸುವ ಯಂತ್ರಗಳು ಕೆಲಸಕ್ಕೆ ಬರುವುದಿಲ್ಲ. ರೇಡಿಯೋ ಒಂದು ನಡೆಯುತ್ತದೆ, ಅದೂ ಹಿಂದಿನ ಹಡಗಿನವರೆಗೆ ಮಾತ್ರ. ಆದ್ದರಿಂದ ಹಡಗುಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತಿದ್ದವು. ಮೊದಲ ಹಡಗಿನಲ್ಲಿ ಹಾದಿ ಬಲ್ಲ ಹಳಬನೊಬ್ಬ ಇರುತ್ತಿದ್ದ. ಜಾವಕ್ಕೊಮ್ಮೆ ಅವನು ತನ್ನ ಹಿಂದಿನ ಹಡಗಿಗೆ ಕೂಗಿ ಹೇಳುತ್ತಿದ್ದ: "ದಾರಿ ಉಂಟು, ಬಾ." ದನಿ ಬಂದ ಕಡೆಗೆ ಹಡಗಿನ ಮೂತಿ ತಿರುಗಿಸಿಕೊಂಡು ಎರಡನೆಯವನು ಮೂರನೆಯವನಿಗೆ ಅದನ್ನೇ ಹೇಳುತ್ತಿದ್ದ. ಹೀಗೆ ಕೊನೆಯ ಹಡಗಿನವರೆಗೆ. ಕೇಳಿಸಿಕೊಂಡವರು ಮರುಮಾತು ಆಡುವಂತಿರಲಿಲ್ಲ. ಆಡಿದರೆ ಎರಡು ದನಿ ಕಲೆತು ದಿಕ್ಕು ಕೆಡುತ್ತಿತ್ತು. ಹಾಗಾಗಿ ತನ್ನ ಮಾತು ಹಿಂದಿನವರಿಗೆ ತಲುಪಿತೋ ಇಲ್ಲವೋ ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾಲ್ಕನೆಯ ದಿನ ಹಾದಿಗೆ ಒಂದು ತಿರುವಿತ್ತು. ಅದು ಕಳೆದರೆ ಕೊನೆಯವರೆಗೂ ನೇರ. ಆದರೆ ಧೂಳಿನಲ್ಲಿ ನೇರ ಹೋಗುವುದೇ ಕಷ್ಟ. ಐದಾರು ದಿನ ಏನೂ ಕಾಣದೆ ಕೂತವನಿಗೆ ಹಡಗು ಎಡಕ್ಕೆ ಸರಿಯುತ್ತಿದೆ ಅನ್ನಿಸತೊಡಗುತ್ತದೆ. ಹಡಗಿನವರು ಅದನ್ನು ಎಡಸೆಳೆತ ಎನ್ನುತ್ತಿದ್ದರು. ಹಡಗು ನೆಟ್ಟಗೇ ಹೋಗುತ್ತಿರುತ್ತದೆ, ಸರಿಯುತ್ತಿದೆ ಎಂದು ಮೈ ಹೇಳುತ್ತದೆ. ಅದನ್ನು ನಂಬಿ ಬಲಕ್ಕೆ ತಿರುಗಿಸಿದವರು ತಿರುಗಿಸುತ್ತಲೇ ಹೋಗಿ ಕಾಣೆಯಾಗುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು. ಆದರೂ ಮೈಯೇ ಹೇಳುವಾಗ ಬುದ್ಧಿಯ ಮಾತು ಯಾರು ಕೇಳುತ್ತಾರೆ? ಅಲ್ಲದೆ ಅಪರೂಪಕ್ಕೆ ಹಡಗು ನಿಜಕ್ಕೂ ಸರಿಯುವುದೂ ಇತ್ತು.

ಒಮ್ಮೆ ಹನ್ನೊಂದು ಹಡಗುಗಳ ಸಾಲು ಹೊರಟಿತು. ಆರನೆಯ ಹಡಗನ್ನು ಒಬ್ಬ ಹೆಂಗಸು ನಡೆಸುತ್ತಿದ್ದಳು. ಅವಳಿಗೆ ಅದು ನಾಲ್ಕನೆಯ ದಾಟು. ಏಳನೆಯದರ ಚುಕ್ಕಾಣಿ ಅವಳ ತಂಗಿಯ ಕೈಯಲ್ಲಿತ್ತು. ತಂಗಿಗೆ ಅದು ಮೊದಲನೆಯದು. ಅವಳ ಹಡಗಿನಲ್ಲಿ ನಲವತ್ತು ಮನೆಯವರಿದ್ದರು, ಎರಡು ತೊಟ್ಟಿಲುಗಳಿದ್ದವು. ಅವಳ ಹಿಂದೆ ಇನ್ನೂ ನಾಲ್ಕು ಹಡಗುಗಳು. ಹೊರಡುವಾಗ ತಂಗಿ ಹೇಳಿದ್ದಳು: "ನನಗೇನೂ ತಿಳಿಯಲ್ಲ ಅಕ್ಕ. ನೀನು ಕರೆದ ಕಡೆ ಬರ್ತೀನಿ."

ತಿರುವು ಸಲೀಸಾಗಿ ಕಳೆಯಿತು. ಐದನೆಯ ದಿನ ಎರಡನೆಯ ಜಾವ ಮುಂದಿನ ಹಡಗಿನ ದನಿ ಬರಲಿಲ್ಲ. ಅದನ್ನು ನಡೆಸುತ್ತಿದ್ದವನು ಹನ್ನೆರಡು ಸಲ ದಾಟಿದವನು, ಮರೆಯುವವನಲ್ಲ. ಅಕ್ಕ ರೇಡಿಯೋಕ್ಕೆ ಕಿವಿ ಹಚ್ಚಿ ಕೂತಳು. ಧೂಳು ಹಡಗಿಗೆ ಉಜ್ಜುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅವಳಿಗೆ ಭಯವಾಯಿತು. ಅಷ್ಟರಲ್ಲಿ ಅವಳು ತಂಗಿಯನ್ನು ಕರೆಯುವ ಹೊತ್ತೂ ಬಂತು.

ಯಂತ್ರ ನೋಡಿಕೊಳ್ಳುವ ಮುದುಕ ಪಕ್ಕದಲ್ಲಿ ನಿಂತಿದ್ದ. ಅವನೆಂದ: "ಇದೊಂದು ಜಾವ ಸುಮ್ಮನಿದ್ದುಬಿಡು ತಾಯಿ. ಕೇಳದೇ ಇರೋದನ್ನ ಕೇಳಿದೆ ಅಂತ ಹೇಳಬಾರದು."

"ನಾನು ಸುಮ್ಮನಾದರೆ ಅವಳು ಎತ್ತ ತಿರುಗ್ತಾಳೆ?"

ಅವಳು ರೇಡಿಯೋ ಎತ್ತಿಕೊಂಡು ಎಂದಿನ ದನಿಯಲ್ಲೇ ಹೇಳಿದಳು: "ದಾರಿ ಉಂಟು, ಬಾ."

ಇಲ್ಲಿ ಶಿಷ್ಯ ತಡೆದ. "ನಿಜ ಹೇಳಬಹುದಿತ್ತಲ್ಲ, ಗುರುಗಳೇ?"

"ಹೇಳಬಹುದಿತ್ತು. ನನಗೇನೂ ಕೇಳುತ್ತಿಲ್ಲ ಎಂದಿದ್ದರೆ ಆ ಹೊಸಬಳು ಹೆದರಿ ಹಡಗು ನಿಲ್ಲಿಸುತ್ತಿದ್ದಳು. ನಿಂತ ಹಡಗಿನ ಎಂಜಿನ್ನು ಅರ್ಧ ದಿನದಲ್ಲಿ ಧೂಳು ತುಂಬಿ ಕಟ್ಟಿಕೊಳ್ಳುತ್ತದೆ. ಅವಳ ಹಿಂದಿನ ನಾಲ್ಕೂ ಅಲ್ಲೇ. ಮುಂದೆ ಹೇಳಲೋ, ನೀನೇ ಹೇಳುತ್ತೀಯೋ?"

"ನೀವೇ ಹೇಳಿ," ಎಂದ ಶಿಷ್ಯ. ಗುರುಗಳು ಮುಂದುವರಿಸಿದರು.

ಆರನೆಯ ದಿನವೂ ಮುಂದಿನಿಂದ ದನಿಯಿಲ್ಲ. ಅಕ್ಕ ಮೂತಿಯನ್ನು ಇದ್ದಂತೆಯೇ ಇಟ್ಟುಕೊಂಡು ಹೋದಳು. ಜಾವಕ್ಕೊಮ್ಮೆ ಕರೆದಳು. ತಾನು ಕರೆಯುತ್ತಿರುವುದು ದಡಕ್ಕೋ ಮಸಣಕ್ಕೋ ಅವಳಿಗೆ ತಿಳಿದಿರಲಿಲ್ಲ.

ಏಳನೆಯ ದಿನ ಎಡಸೆಳೆತ ಹಿಡಿಯಿತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಹಡಗು ಎಡಕ್ಕೆ ಜಾರುತ್ತಿದೆ, ಈಗ ತಿರುಗಿಸದಿದ್ದರೆ ಎಲ್ಲರೂ ಸಾಯುತ್ತಾರೆ ಎಂದು ಮೈಯೆಲ್ಲ ಕೂಗುತ್ತಿತ್ತು. ಮುದುಕನ ಮುಖ ನೋಡಿದಳು. ಅವನೂ ಬಲಕ್ಕೆ ವಾಲಿಕೊಂಡು ನಿಂತಿದ್ದ. ಅವಳ ಕೈ ಚುಕ್ಕಾಣಿಗೆ ಹೋಯಿತು. ಆಗ ಕರೆಯುವ ಹೊತ್ತಾಯಿತು. ಮೊದಲು ಕರೆದುಬಿಡೋಣ, ಆಮೇಲೆ ತಿರುಗಿಸೋಣ ಎಂದುಕೊಂಡಳು. ಕರೆದಳು. ಕರೆದ ಮೇಲೆ ಗೊತ್ತಾಯಿತು, ಈಗ ತಂಗಿ ಈ ದನಿಯ ಕಡೆಗೆ ಮೂತಿ ತಿರುಗಿಸಿಕೊಳ್ಳುತ್ತಿರುತ್ತಾಳೆ. ಬಾ ಎಂದು ಕರೆದು ತಾನೇ ಬೇರೆ ಕಡೆ ಹೋಗುವುದು ಹೇಗೆ? ಕೈ ಹಿಂದಕ್ಕೆ ತೆಗೆದಳು. ಮುಂದಿನ ಜಾವವೂ ಹೀಗೇ ಆಯಿತು. ಅದರ ಮುಂದಿನ ಜಾವವೂ. ಕೊನೆಗೆ ತನ್ನ ಕೈಯ ಮೇಲೆ ತನಗೇ ನಂಬಿಕೆ ಸಾಲದೆ, ಬಲಗೈಯನ್ನು ಕುರ್ಚಿಗೆ ಕಟ್ಟು ಎಂದು ಮುದುಕನಿಗೆ ಹೇಳಿದಳು. ಅವನು ಅಳುತ್ತ ಕಟ್ಟಿದ.

ಒಂಬತ್ತನೆಯ ದಿನ ಧೂಳು ತೆಳುವಾಗಿ ನಕ್ಷತ್ರಗಳು ಕಂಡವು. ಎದುರಿಗೆ ನಾಲ್ಕು ಹಡಗುಗಳು ನಿಂತಿದ್ದವು. ಐದನೆಯದು ಇರಲಿಲ್ಲ. ಹನ್ನೆರಡು ಸಲ ದಾಟಿದವನು ಆಮೇಲೂ ಬರಲಿಲ್ಲ.

ತಂಗಿ ಒಂದು ಜಾವದೊಳಗೆ ಬರಬೇಕಿತ್ತು. ಬರಲಿಲ್ಲ. ಎರಡು ಜಾವ ಕಳೆಯಿತು. ಅಕ್ಕ ಧೂಳಿನ ಕಡೆಗೆ ನೋಡುತ್ತ ನಿಂತಲ್ಲೇ ನಿಂತಿದ್ದಳು. ತಾನು ಆಡಿದ ಒಂದೊಂದು ಸುಳ್ಳನ್ನೂ ಎಣಿಸುತ್ತಿದ್ದಳು. ಮುದುಕ ನೀರು ತಂದುಕೊಟ್ಟರೆ ಅದನ್ನು ಹಿಡಿದುಕೊಂಡಳೇ ಹೊರತು ಕುಡಿಯಲಿಲ್ಲ. ಮೂರನೆಯ ಜಾವ ಮುಗಿಯುವ ಹೊತ್ತಿಗೆ ಧೂಳಿನೊಳಗಿಂದ ಒಂದು ಹಡಗಿನ ಮೂತಿ ಕಂಡಿತು. ಅದರ ಹಿಂದೆ ಇನ್ನೊಂದು. ಎಣಿಸಿದಳು. ಐದೂ ಬಂದವು.

ತಂಗಿ ಇವಳ ಹಡಗಿಗೆ ಬಂದವಳೇ ಅಕ್ಕನನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬದುಕಿದ್ದೀಯಾ ಅಕ್ಕ? ಐದನೇ ದಿನದಿಂದ ನಿನ್ನ ದನಿ ಬರಲೇ ಇಲ್ಲ. ನೀನು ಹೋಗಿಬಿಟ್ಟೆ ಅಂದುಕೊಂಡಿದ್ದೆ."

ಅಕ್ಕ ಕೇಳಿದಳು: "ಮತ್ತೆ ಹೇಗೆ ಬಂದೆ?"

"ಹಿಂದೆ ನಾಲ್ಕು ಹಡಗು ಇತ್ತಲ್ಲ. ಅವರಿಗೆ ಬಾ ಅಂತ ಹೇಳಲೇಬೇಕಿತ್ತು. ಹೇಳಿದ ಮೇಲೆ ಚುಕ್ಕಾಣಿ ತಿರುಗಿಸೋಕೆ ಕೈ ಬರಲಿಲ್ಲ."

ಗುರುಗಳು ಕತೆ ನಿಲ್ಲಿಸಿದರು. ಬೀಜಗಳನ್ನು ಒಂದು ಕಡೆಗೆ ಸರಿಸಿ ಕೈ ಒರೆಸಿಕೊಂಡರು.

ಶಿಷ್ಯನಿಗೆ ಸಮಾಧಾನವಾಗಿರಲಿಲ್ಲ. "ಅವರು ಹಿಡಿದ ಹಾದಿ ತಪ್ಪಾಗಿದ್ದರೆ?"

"ಆರು ಹಡಗೂ ಹೋಗುತ್ತಿದ್ದವು. ತೊಟ್ಟಿಲುಗಳೂ ಹೋಗುತ್ತಿದ್ದವು. ಹಾಗಾಗುವುದೇ ಇಲ್ಲ ಎಂದು ನಾನು ಹೇಳಿದೆನೇ?"

ಹೊಳೆಯಾಚೆಯ ಹದಿನಾಲ್ಕು ಮುಖಗಳನ್ನು ಶಿಷ್ಯನಿನ್ನೂ ಕಂಡಿರಲಿಲ್ಲ, ಆದರೆ ಅವು ಆಗಲೇ ಅವನತ್ತ ತಿರುಗಿ ಕೂತಂತಿತ್ತು. ಕೊನೆಗೆ ಕೇಳಿದ:

"ಅವರಿಗೆ ಐದು ದಿನ ಅಷ್ಟೆ, ಗುರುಗಳೇ. ಮುಂದಿನಿಂದ ಯಾವ ದನಿಯೂ ಇಲ್ಲದೆ ಒಬ್ಬ ಮನುಷ್ಯ ಎಷ್ಟು ಕಾಲ ಹಾಗೆ ಕರೆಯುತ್ತ ಇರಬಲ್ಲ?"

ಗುರುಗಳು ಹೇಳಿದರು: "ನಾನು ಹಾಗೆ ಕರೆಯತೊಡಗಿ ಈ ಯುಗಾದಿಗೆ ಇಪ್ಪತ್ತೆರಡು ವರ್ಷ."