ನಾಳೆಯ ನೀರು

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ದೀಕ್ಷೆ ಬೇಕೆಂದವನು ನಲವತ್ತೆಂಟು ದಿನ ಹೊಳೆಯಿಂದ ಲಿಂಗಕ್ಕೆ ನೀರು ತರಬೇಕು. ಒಂದು ದಿನ ತಪ್ಪಿದರೂ ಮತ್ತೆ ಒಂದರಿಂದ ಶುರು.

ಚಿದಂಬರ ಮೂರು ಸಲ ಶುರು ಮಾಡಿದ್ದ. ಮೂರು ಸಲವೂ ತಪ್ಪಿತ್ತು.

ಸೋಮಾರಿಯಲ್ಲ, ಪಾಪ. ಮೂರು ವರ್ಷದ ಹಿಂದೆ ಆಶ್ರಮದ ದನ ಮೇಯಿಸಲು ಕುರುಚಲು ಕಾಡಿಗೆ ಹೋದಾಗ ಅವನ ತೋಳಿಗೆ ದನದ ರಕ್ತ ಹೀರುವ ಒಂದು ಉಣುಗು ಕಚ್ಚಿತ್ತು. ಎಳ್ಳಿಗಿಂತ ಚಿಕ್ಕದು. ಕಚ್ಚಿದ ಜಾಗದ ಸುತ್ತ ಬಳೆಯಂತೆ ಕೆಂಪಗಾಯಿತು. ಜ್ವರ ಬಂತು, ಹೋಯಿತು. ಭುಜಕ್ಕೂ ಕುತ್ತಿಗೆಗೂ ಏರಿದ ನೋವು ಹೋಗಲಿಲ್ಲ.

ವೈದ್ಯರು ಕಷಾಯ ಕೊಟ್ಟರು, ಎಣ್ಣೆ ತಿಕ್ಕಿಸಿದರು, ಎಕ್ಕದ ಎಲೆ ಬಿಸಿಮಾಡಿ ಕಟ್ಟಿಸಿದರು. ಕೊನೆಗೆ ಅವರೇ ಸುಸ್ತಾಗಿ, "ಇದರ ಜೊತೆಗೇ ಇರೋದು ಕಲಿ" ಎಂದರು. ಹೇಗೆ ಇರಬೇಕೆಂದು ಹೇಳಲಿಲ್ಲ.

ಆ ನೋವಿಗೆ ಒಂದು ನಿಯತ್ತೂ ಇರಲಿಲ್ಲ. ಒಂದು ಬೆಳಗ್ಗೆ ಏನೂ ಆಗಿಲ್ಲವೆಂಬಂತೆ ಹಗುರ. ಮರುದಿನ ಹಾಸಿಗೆಯಿಂದ ತಲೆ ಎತ್ತಲು ಕೈಯ ಆಸರೆ ಬೇಕು. ನೋಡುವವರ ಕಣ್ಣಿಗೆ ಗಾಯವಿಲ್ಲ, ಬಾವಿಲ್ಲ. ಯಾರೂ ನಂಬುತ್ತಿಲ್ಲವೇನೋ ಎಂಬ ಸಂಕಟ ಬೇರೆ ಅವನನ್ನು ಕೊರೆಯುತ್ತಿತ್ತು.

ಮೂರನೆಯ ಸಲ ತಪ್ಪಿದ ಸಂಜೆ ಅವನು ಹಾಲಯ್ಯ ಗುರುಗಳ ಮುಂದೆ ಹೋಗಿ ನಿಂತ. ಗುರುಗಳು ಜಗಲಿಯಲ್ಲಿ ಕೂತು ಹುರುಳಿಯಿಂದ ಕಲ್ಲು ಆರಿಸುತ್ತಿದ್ದರು.

"ಗುರುಗಳೇ, ನಾನು ಊರಿಗೆ ಹೋಗ್ತೀನಿ."

"ಹೋಗು. ಯಾಕೆ?"

"ದೀಕ್ಷೆ ನನ್ನ ಹಣೇಲಿ ಬರೆದಿಲ್ಲ. ನನ್ನ ಹಿಂದೆ ಬಂದೋರಿಗೆಲ್ಲ ಆಯ್ತು."

"ನಿನ್ನೆ ಎಷ್ಟು ಕೊಡ ತಂದೆ?"

"ನಿನ್ನೆ ಹಗುರವಾಗಿತ್ತು. ಗುಡಿ ಕೊಪ್ಪರಿಗೆ ತುಂಬೋಕೆ ಹನ್ನೊಂದು. ಆಮೇಲೆ ಅಡುಗೆಮನೆಗೆ ನಾಲ್ಕು. ದನದ ಬಾನಿಗೆ ಆರು."

"ಅಷ್ಟೊಂದು ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ. ಮಲಗಿದ್ದ ದಿನಗಳದ್ದನ್ನೆಲ್ಲ ಸರಿ ಮಾಡಿಬಿಡೋಣ ಅಂತ."

"ಇವತ್ತು?"

"ಇವತ್ತು ಏಳೋಕೇ ಆಗ್ಲಿಲ್ಲ."

ಗುರುಗಳು ಎದ್ದು ಒಳಗೆ ಹೋಗಿ ಒಂದು ಪುಟ್ಟ ತಾಮ್ರದ ತಂಬಿಗೆ ತಂದು ಅವನ ಕೈಗಿಟ್ಟರು.

"ನಾಳೆಯಿಂದ ಇದರಲ್ಲಿ ತಾ. ನೋವಿದ್ರೂ ಇದೇ, ಇಲ್ದಿದ್ರೂ ಇದೇ."

ಚಿದಂಬರನಿಗೆ ನಾಚಿಕೆಯಾಯಿತು. "ಎಲ್ರೂ ಕೊಪ್ಪರಿಗೆ ತುಂಬಿಸಿದ್ರು ಗುರುಗಳೇ. ಇದರಲ್ಲಿ ಲಿಂಗ ನೆನೆಯುತ್ತಾ?"

"ಕಟ್ಟಳೇಲಿ ನೀರು ಅಂತಿದೆ. ಕೊಪ್ಪರಿಗೆ ಅಂತ ಯಾರು ಸೇರಿಸಿದ್ರೋ ನನಗೆ ಗೊತ್ತಿಲ್ಲ."

ಚಿದಂಬರ ನಾಲ್ಕನೆಯ ಸಲ ಒಂದರಿಂದ ಶುರು ಮಾಡಿದ.

ನೋವು ಕಡಿಮೆಯಾಗಲಿಲ್ಲ. ಕೆಟ್ಟ ದಿನಗಳಲ್ಲಿ ತಂಬಿಗೆಯನ್ನು ಎದೆಗವಚಿಕೊಂಡು, ಹೊಳೆಯ ಅರವತ್ತು ಮೆಟ್ಟಿಲಲ್ಲಿ ನಾಲ್ಕೈದು ಕಡೆ ಕೂತು ಎದ್ದು ಬರುತ್ತಿದ್ದ. ಅಡುಗೆಯ ಶಾಂತವೀರಪ್ಪ ಅದನ್ನು ನೋಡಿ, "ಏನಪ್ಪಾ, ಗುಬ್ಬಚ್ಚಿಗೆ ಸ್ನಾನ ಮಾಡಿಸ್ತೀಯಾ?" ಎಂದು ನಗುತ್ತಿದ್ದ. ಚಿದಂಬರನೂ ಹಲ್ಲು ಕಿರಿಯುತ್ತಿದ್ದ. ಒಳಗೊಳಗೇ ಉರಿಯುತ್ತಿತ್ತು.

ಹೀಗೆ ಮೂವತ್ತಮೂರು ದಿನ ಕಳೆಯಿತು.

ಮೂವತ್ತನಾಲ್ಕನೆಯ ಬೆಳಗ್ಗೆ ಎದ್ದವನು ಅಭ್ಯಾಸದಂತೆ ಕುತ್ತಿಗೆಗೆ ಕೈ ಕೊಟ್ಟ. ಬೇಕಾಗಲೇ ಇಲ್ಲ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ನೋವಿಲ್ಲ! ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ತಂಬಿಗೆಯನ್ನು ಗೂಡಿನಲ್ಲೇ ಬಿಟ್ಟು, ದೊಡ್ಡ ಕೊಡವನ್ನೇ ಹೆಗಲಿಗೇರಿಸಿಕೊಂಡು ಹೊಳೆಗೆ ಓಡಿದ. ಶಾಂತವೀರಪ್ಪನೂ ಒಂದು ಸಲ ನೋಡಲಿ.

ಐದು ಕೊಡ ಸುರಿದು ಆರನೆಯದಕ್ಕೆ ಹೊರಡುವಾಗ ಗುರುಗಳು ಗುಡಿಗೆ ಬಂದರು.

ಅವರು ಬೈಯಲಿಲ್ಲ. ಅವನ ಕೈಯಿಂದ ಕೊಡ ತೆಗೆದುಕೊಂಡರು. ಕೊಪ್ಪರಿಗೆಯಿಂದ ನೀರು ಮೊಗೆದು ಕೊಡ ತುಂಬಿಸಿ, ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲಿಳಿದು ಹೊಳೆಗೆ ಚೆಲ್ಲಿದರು. ಮತ್ತೆ ಹತ್ತಿ ಬಂದು ಮತ್ತೊಂದು ಕೊಡ ತುಂಬಿಸಿದರು.

ಎಪ್ಪತ್ತು ದಾಟಿದ ಜೀವ. ಮೂರನೆಯ ಕೊಡಕ್ಕೆ ಏದುಸಿರು ಬಿಡುತ್ತಿದ್ದರು.

"ಗುರುಗಳೇ, ಕೊಡಿ, ನಾನು ಒಯ್ತೀನಿ!"

"ನೀನು ಮುಟ್ಟಬೇಡ."

ಐದೂ ಕೊಡ ಹೊಳೆಗೆ ಹೋಯಿತು. ಆಮೇಲೆ ಗುರುಗಳು ಮೆಟ್ಟಿಲ ಮೇಲೆ ಕುಸಿದು ಕೂತರು. ಚಿದಂಬರ ಪಕ್ಕದಲ್ಲಿ ಕೂತು ಅತ್ತುಬಿಟ್ಟ.

"ತಂದ ನೀರನ್ನ ಯಾಕೆ ಚೆಲ್ಲಿದ್ರಿ? ಒಂದು ದಿನವಾದ್ರೂ ಎಲ್ಲರ ಹಾಗೆ ಇರೋಣ ಅಂತ ಆಸೆ ಆಯ್ತು. ತಪ್ಪಾ?"

"ಆಸೆ ತಪ್ಪಲ್ಲ ಮಗಾ. ನೀರು ನಿಂದಲ್ಲ."

"ಮತ್ಯಾರದ್ದು?"

"ನಾಳೆ ಒಬ್ಬ ಕಾಯಿಲೆಯವನು ಈ ಮೆಟ್ಟಿಲು ಇಳಿದು ಬರ್ತಾನೆ. ಅವನ ಪಾಲಿಂದು. ನೀನು ಇವತ್ತೇ ಕದ್ದು ತಂದಿದ್ದೆ."

ಚಿದಂಬರ ಕಣ್ಣೊರೆಸಿಕೊಂಡು ತಂಬಿಗೆ ತಂದು, ಒಂದು ತಂಬಿಗೆ ನೀರನ್ನು ಲಿಂಗಕ್ಕೆರೆದ. ಆ ದಿನ ಬೇರೇನೂ ಮಾಡಲಿಲ್ಲ.

ಆದರೆ ಹೊತ್ತದ್ದು ಹೊತ್ತಾಗಿತ್ತು. ಮರುದಿನ ಕುತ್ತಿಗೆ ಕಲ್ಲಾಗಿತ್ತು. ಭುಜದಿಂದ ಬೆರಳ ತುದಿಯವರೆಗೆ ಸೆಳೆತ. ತಂಬಿಗೆ ಎತ್ತಲು ಹೋದರೆ ಅದು ಕೈ ಜಾರಿ ಠಣ್ಣೆಂದು ಉರುಳಿತು. ಅವನು ಅದನ್ನು ನೋಡುತ್ತ ಗೋಡೆಗೊರಗಿ ಕೂತುಬಿಟ್ಟ.

ಹೊತ್ತು ಏರಿದ ಮೇಲೆ ಗುರುಗಳು ಬಾಗಿಲಲ್ಲಿ ಕಾಣಿಸಿಕೊಂಡರು. ಒಂದು ಕೈ ಸೊಂಟದ ಮೇಲಿತ್ತು.

"ಮತ್ತೆ ತಪ್ಪಿತು ಗುರುಗಳೇ. ನೀರು ಹೊಳೆಗೆ ವಾಪಸ್ ಹೋಯ್ತು, ನೋವು ಹೋಗ್ಲಿಲ್ಲ. ಇದು ಯಾವಾಗ ಹೋಗುತ್ತೆ?"

"ಗೊತ್ತಿಲ್ಲ."

"ಹೋಗುತ್ತಾ?"

"ಅದೂ ಗೊತ್ತಿಲ್ಲ. ನನ್ನ ಸೊಂಟ ಹಿಡ್ಕೊಂಡಿದೆ, ನನಗೂ ಬೇಗ ಹತ್ತೋಕೆ ಇಳಿಯೋಕೆ ಆಗಲ್ಲ. ಏಳು, ನಿಧಾನಕ್ಕೆ ಹೋಗೋಣ."

"ತಂಬಿಗೆ ಎತ್ತೋಕೆ ಆಗಲ್ಲ."

"ಬಿಡು ಅದನ್ನ."

ಇಬ್ಬರೂ ಮೆಟ್ಟಿಲಿಳಿದರು. ಹತ್ತು ಮೆಟ್ಟಿಲಿಗೊಮ್ಮೆ ಒಬ್ಬರು ನಿಂತರೆ ಇನ್ನೊಬ್ಬರೂ ನಿಂತರು. ಕೊನೆಯ ಮೆಟ್ಟಿಲಲ್ಲಿ ಚಿದಂಬರ ಕೂತು, ಹರಿಯುವ ನೀರಿಗೆ ಎರಡೂ ಕೈ ಇಳಿಬಿಟ್ಟ. ಬೊಗಸೆ ತುಂಬಿತು. ಅದನ್ನು ಹೊಟ್ಟೆಗೊತ್ತಿಕೊಂಡು ಎದ್ದ.

ಗುರುಗಳು ಅವನ ಬೊಗಸೆಗೆ ಕೈ ಹಚ್ಚಲಿಲ್ಲ. ಪಕ್ಕದಲ್ಲಿ ನಡೆದರು, ಅಷ್ಟೆ.

ಅರ್ಧ ದಾರಿಗೆ ನೀರು ಅರ್ಧವಾಯಿತು. ಗುಡಿಯ ಹೊಸ್ತಿಲಿಗೆ ಬರುವಾಗ ಬೊಗಸೆಯಲ್ಲಿ ಹನಿಯೂ ಇರಲಿಲ್ಲ. ಬರಿಯ ಒದ್ದೆ ಕೈ.

ಚಿದಂಬರ ಗುರುಗಳ ಮುಖ ನೋಡಲಾರದೆ, ಆ ಒದ್ದೆ ಅಂಗೈಗಳನ್ನು ಲಿಂಗದ ಮೇಲಿಟ್ಟ. ಕಲ್ಲಿನ ಮೇಲೆ ತೆಳ್ಳಗೆ ಪಸೆ ಮೂಡಿತು, ನೋಡುತ್ತಿದ್ದಂತೆ ಆರತೊಡಗಿತು.

"ಇಷ್ಟೇ ಗುರುಗಳೇ," ಎಂದ.

"ಮೂವತ್ತೈದು," ಎಂದರು ಗುರುಗಳು.