ದ್ಯಾಮಕ್ಕನ ಸೊಸೇರೂ ನಾಯಿಮರಿಯ ಮೂಳೆಯೂ

ಕಾಲು ಒಳಗೆ ಎಳ್ಕೊ, ಕಂಬಳಿ ಹೊದ್ಕೊ, ಹೇಳ್ತೀನಿ. ನಮ್ಮಜ್ಜಿಗೆ ಇನ್ನೂ ಹಾಲುಹಲ್ಲಿದ್ದ ಕಾಲದಲ್ಲಿ, ಒಂದೂರಲ್ಲಿ ದ್ಯಾಮಕ್ಕ ಅಂತ ಕುರಿ ಸಾಕೋ ಹೆಂಗಸೊಬ್ಬಳು ಇದ್ದಳಂತೆ. ರೊಪ್ಪದ ತುಂಬ ಕುರಿ, ಮನೆ ತುಂಬ ಸೊಸೇರು, ಬಾಯಿ ತುಂಬ ಬೈಗುಳ. ರೊಪ್ಪ ಅಂದ್ರೆ ಮುಳ್ಳುಬೇಲಿ ಕಟ್ಟಿ ಕುರಿ ಕೂಡೋ ಜಾಗ ಕಣೆ. ಅದನ್ನ ಕಾಯ್ತಿದ್ದ ಮುದಿ ನಾಯಿ ಒಂದೇ ಒಂದು ಮರಿ ಹಾಕಿ, ಮರಿ ಹಾಲು ಬಿಡೋ ಹೊತ್ತಿಗೆ ತಾನು ಸತ್ತೋಯ್ತಂತೆ. ಅಷ್ಟಾಗಿದ್ದೇ ತಡ, ಗುಡ್ಡದ ತೋಳಕ್ಕೆ ಸುದ್ದಿ ಮುಟ್ಟಿ, ಅದು ದಿನಾ ಬಂದು ಬೇಲಿ ಸುತ್ತ ಮೂಸಿ ನೋಡ್ಕೊಂಡು ಹೋಗ್ತಿತ್ತಂತೆ, ಮದುವೆ ಮನೇಲಿ ಊಟಕ್ಕೆ ಮುಂಚೆ ಅಡಿಗೆ ಇಣುಕೋ ನೆಂಟನ ಹಂಗೆ.

ಆಮೇಲೆ ದ್ಯಾಮಕ್ಕ ಮೂರು ಜನ ಸೊಸೇರನ್ನೂ ಕರೆದು, ಈ ಮರಿ ಗಟ್ಟಿಯಾದ್ರೆ ಕುರಿ ಉಳಿತವೆ, ಇಲ್ಲಾಂದ್ರೆ ನಾವೇ ಹುಲ್ಲು ಮೇಯ್ಬೇಕು, ಚೆನ್ನಾಗಿ ತಿನ್ನಿಸಿ ಬೆಳೆಸ್ರೇ ಅಂದಳಂತೆ. ಅಂದವಳು ಒಂದು ಕಟ್ಟಳೆನೂ ಹಾಕಿದಳು. ಹಸೀ ಮಾಂಸ ಮಾತ್ರ ತೋರಿಸಕೂಡದು. ಹಸೀದರ ರುಚಿ ಹತ್ತಿದ ನಾಯಿ ನಮ್ಮ ಕುರಿಗೇ ಬಾಯಿ ಹಾಕ್ತದೆ ಅಂತ ಆ ಊರೋರಿಗೆಲ್ಲ ಭಯವಂತೆ.

ದೊಡ್ಡ ಸೊಸೆ ಕರಿಯಮ್ಮ ಬಲು ಕರುಳಿನವಳು. ತನ್ನ ತಟ್ಟೇಲಿದ್ದ ಸಾರಿನ ಮೂಳೆನೆಲ್ಲ ತಿನ್ನೋ ಕಂದ ಅಂತ ಮರಿ ಮುಂದೆ ಸುರಿದಳಂತೆ. ಬೆಂದ ಮೂಳೆ ಕಡಿದ್ರೆ ಸೀಳಿ ಸೀಳಿ ಸೂಜಿ ಆಗ್ತದಲ್ಲ, ಒಂದು ಚೂರು ಹೋಗಿ ಮರಿ ಗಂಟಲಿಗೆ ಚುಚ್ಕೊಂಡು, ಅದು ಕೆಕ್ ಕೆಕ್ ಅಂತ ಕಣ್ಣು ಮೇಲೆ ಮಾಡ್ತು. ದ್ಯಾಮಕ್ಕ ಓಡಿಬಂದು ಬೆರಳು ತುರುಕಿ ಚೂರು ಕಿತ್ತು ಹಾಕಿದಳಂತೆ. ಮರಿ ಉಸಿರು ಬಂದ ತಕ್ಷಣ ಮಾಡಿದ ಮೊದಲ್ನೇ ಕೆಲಸ ಅಂದ್ರೆ ಅವಳ ಬೆರಳು ಕಚ್ಚಿದ್ದು.

ಆಮೇಲೆ ನಡುವಿನ ಸೊಸೆ ಹನುಮಕ್ಕ. ಅವಳು ಮಾಡೋದೆಲ್ಲ ಊರಿಗೆ ಕಾಣಬೇಕು. ಹಸೀದು ತಾನೆ ಬೇಡ ಅಂದಿದ್ದು ಅಂತ, ಮೇಕೆ ತೊಡೆಮೂಳೆನ ಮಾಳಿಗೆ ಮೇಲೆ ಕಲ್ಲಾಗೋ ಹಂಗೆ ಒಣಗಿಸಿ, ಮರಿಗಿಂತ ಉದ್ದದ್ದನ್ನ ಅದರ ಬಾಯಿಗೆ ಕೊಟ್ಟಳಂತೆ. ಮರಿ ಜಂಬದಿಂದ ಕಡೀತು. ಟಣ್ ಅಂತ ಮುಂದಿನ ಹಲ್ಲೇ ಮುರೀತು. ಹಾಲುಹಲ್ಲು ತಾನೆ, ಹೋದ್ರೆ ಹೋಗ್ಲಿ ಬಿಡಿ ಅಂತ ಹನುಮಕ್ಕ ಅಂದ್ರೆ, ನಿಂದೊಂದು ಮುರಿದು ಹಂಗೇ ಹೇಳಲಾ ಅಂತ ದ್ಯಾಮಕ್ಕ ಒನಕೆ ಹಿಡ್ಕೊಂಡಳಂತೆ. ಮರಿ ಅಂಬಲಿನೂ ಮುಟ್ಟದೆ ಮೂಲೆ ಸೇರಿತು. ಅವತ್ತೇ ತೋಳ ಒಂದು ಕುರಿಮರಿ ಹೊತ್ಕೊಂಡು ಹೋಯ್ತಂತೆ.

ಆವಾಗ ಹೊಸದಾಗಿ ಬಂದಿದ್ದ ಕಿರಿ ಸೊಸೆ ಗಿರಿಯಮ್ಮ, ಅತ್ತೆ, ಹಸೀದೇ ಕೊಟ್ಟು ನೋಡೋಣ, ಆ ತೋಳಕ್ಕೆ ಯಾರು ಸಾರು ಕಾಸಿಕೊಡ್ತಾರೆ, ಅದರ ಹಲ್ಲು ನೋಡಿ ಅಂದಳಂತೆ. ಅದಕ್ಕೇ ಕಣೇ ಅದು ತೋಳ ಆಗಿರೋದು ಅಂತ ದ್ಯಾಮಕ್ಕ ಅಬ್ಬರಿಸಿದಳು. ಆದ್ರೂ ಮರಿ ಮುಖ ನೋಡಿ ಮನಸು ತಡೀಲಿಲ್ಲ. ಕೊಡು, ಆದ್ರೆ ಅದು ಒಂದು ಕುರಿ ಕಡೆ ನಾಲಿಗೆ ಚಾಚಿದ್ರೂ ನಾಯಿ ಕಂಕುಳಲ್ಲಿ ಇಟ್ಕೊಂಡು ತವರಿಗೆ ನಡಿ, ತಿರುಗಿ ಬರಬೇಡ ಅಂದಳಂತೆ. ಪಾಪ, ಗಿರಿಯಮ್ಮ! ಅವಳಿಗೆ ಗಂಡನ್ನ ಕಂಡ್ರೆ ಪ್ರಾಣ, ಅತ್ತೆ ಕಂಡ್ರೂ ಪ್ರಾಣ ಕಣೆ, ಬೈದ್ರೂ.

ಆಮೇಲೆ ಮನೇಲಿ ಕೋಳಿ ಕುಯ್ದಾಗ ಅವಳು ಆಗಿಂದಾಗಲೇ ಹಸೀ ಕುತ್ತಿಗೆನ ಮಾಂಸದ ಸಮೇತ ಎತ್ತಿಟ್ಟು, ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಕೊಟ್ಟು, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳಂತೆ. ಎಳೇ ಮೂಳೆ, ಎಳೇ ಹಲ್ಲು, ಎರಡಕ್ಕೂ ಹೊಂದ್ತು. ತುಂಡು ಸಣ್ಣದಾದ್ರೆ ಹಂಗೇ ನುಂಗಿಬಿಡ್ತದೆ ಅಂತ ಉದ್ದಕ್ಕೇ ಕೊಟ್ಟಿದ್ದಳು. ಅದು ಕರುಕುರು ಅಂತ ಅಗೀತಾ ಇದ್ರೆ ಎದ್ದು ಹೋಗ್ತಿರಲಿಲ್ಲ, ಕಿತ್ಕೊಳ್ಳೋಕೂ ಹೋಗ್ತಿರಲಿಲ್ಲ. ಅದು ಸಾಕಾಗಿ ಬಿಟ್ಟೆದ್ದ ಮೇಲೆ ಉಳಿದಿದ್ದನ್ನ ಹೂತು, ಕಲ್ಲು ತೊಳೆದು, ಕೈ ತೊಳ್ಕೊಂಡು ಒಳಕ್ಕೆ ಬರೋಳಂತೆ. ದ್ಯಾಮಕ್ಕ ಕಣಜದ ಸಂದೀಲಿ ನಿಂತು ಇದನ್ನೆಲ್ಲ ನೋಡೋಳು, ಸೆರಗಿಗೆ ಜೇಡರಬಲೆ ಹತ್ತಿಸ್ಕೊಂಡು.

ಒಂದಿನ ಗಿರಿಯಮ್ಮ ಕೈ ತೊಳೆಯೋಕೆ ಹೋದಾಗ ಮರಿ ರಕ್ತದ ಮೂತೀಲೇ ಹೋಗಿ, ಬಿಸಿಲಲ್ಲಿ ಮಲಗಿದ್ದ ಕುರಿಮರಿ ಕಿವಿ ನೆಕ್ತಾ ಕೂತಿತ್ತಂತೆ. ದ್ಯಾಮಕ್ಕ ಕಂಡಳು. ತಿಂತಲ್ಲಪ್ಪೋ ಅಂತ ಹೌಹಾರಿ, ಅಲ್ಲೇ ಕಾಲು ನೀಡಿ ಕೂತು, ಕುರಿಮರಿನ ಮಡಿಲಿಗೆ ಹಾಕ್ಕೊಂಡು, ನನ್ನ ಬಂಗಾರವೇ, ನಿನ್ನ ನಡಿಗೆ ಏನು ಚೆಂದ, ನಿನ್ನ ಹಿಕ್ಕೆ ಏನು ದುಂಡಗೆ ಅಂತ ರಾಗವಾಗಿ ಅಳೋಕೆ ಶುರುಮಾಡಿದಳಂತೆ. ಊರೋರು ದೊಣ್ಣೆ ಹಿಡ್ಕೊಂಡು ಬಂದ್ರು. ಗಿರಿಯಮ್ಮ ಬಟ್ಟೆ ಗಂಟು ಕಟ್ಟೋಕೆ ಒಳಗೆ ಹೋದಳು. ಅಷ್ಟರಲ್ಲಿ ಸತ್ತ ಕುರಿಮರಿಗೆ ಗಲಾಟೆಗೆ ಎಚ್ಚರವಾಗಿ, ಮ್ಯಾ ಅಂತ ಎದ್ದು, ದ್ಯಾಮಕ್ಕನ ತಲೇಲಿದ್ದ ಕನಕಾಂಬರ ತಿನ್ನೋಕೆ ಹತ್ತಿತಂತೆ! ನಗ್ಬೇಡ, ನಿದ್ದೆ ಹೋಗ್ತದೆ.

ಗಿರಿಯಮ್ಮ ಕಟ್ಟಿದ ಗಂಟು ಬಿಚ್ಚಿಟ್ಟಳು. ಆಮೇಲೆ ನಾಯಿಮರಿಗೆ ದೊಡ್ಡ ಹಲ್ಲು ಬಂತು. ಹಸೀ ಪಕ್ಕೆಲುಬು ತಿಂದೂ ತಿಂದೂ ಆ ಹಲ್ಲು ಬೆಳ್ಳಗೆ, ಕತ್ತು ದಪ್ಪಗೆ. ಒಂದು ಬೆಳಗ್ಗೆ ಮಂಜಲ್ಲಿ ತೋಳ ಬೇಲಿ ಹಾರಿದ್ರೆ, ನಾಯಿ ಎದುರಿಗೆ ನಿಂತು ಬಾಯಿ ತೆರೀತಂತೆ. ತೋಳ ಆ ಹಲ್ಲು ನೋಡ್ತು, ಹಾರಿದ ಬೇಲೀನೇ ವಾಪಸ್ ಹಾರಿ, ಮುಳ್ಳಿಗೆ ಅರ್ಧ ಬಾಲ ಬಿಟ್ಟು, ಗುಡ್ಡನೇ ಖಾಲಿ ಮಾಡ್ತಂತೆ.

ಅವತ್ತು ದ್ಯಾಮಕ್ಕ ಎಲ್ಲರೆದುರಿಗೆ ಗಿರಿಯಮ್ಮನ ಕೈ ಹಿಡ್ಕೊಂಡು, ತಪ್ಪಾಯ್ತು ಮಗಳೇ, ಈ ಮನೆ ಬಿಟ್ಟು ಹೋಗು ಅಂತ ಇನ್ಯಾವತ್ತಾದ್ರೂ ಅಂದ್ರೆ ನನ್ನನ್ನೇ ಹೊರಗೆ ಹಾಕು ಅಂತ ಅತ್ತುಬಿಟ್ಟಳಂತೆ. ಗಿರಿಯಮ್ಮನೂ ಅತ್ತಳು. ಮಾರನೇ ದಿನದಿಂದ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂರೋಳು ದ್ಯಾಮಕ್ಕನೇ. ಮೆಲ್ಲಗೆ ತಿನ್ನೋ, ಗಬಗಬ ನುಂಗಬೇಡ, ಯಾರೂ ಕಿತ್ಕೊಳ್ಳಲ್ಲ ಅನ್ನೋಳು. ದಾರೀಲಿ ಹೋಗೋರನ್ನ ಕರೆದು, ನಾಯಿಗೆ ಬೇಯಿಸಿದ ಮೂಳೆ ಹಾಕ್ತೀರೇನ್ರೋ ದಡ್ಡರಾ, ನಾನು ಮೊದಲಿಂದ ಬಡ್ಕೊಳ್ತಿದೀನಿ ಅಂತ ಬೈಯೋಳಂತೆ. ಒಳಗೆ ಮೂರು ಸೊಸೇರೂ ಬಾಯಿಗೆ ಸೆರಗು ತುರುಕ್ಕೊಂಡು ನಗ್ತಾ ಸುಖವಾಗಿದ್ರಂತೆ.

ಅಷ್ಟೇ ಕಣೆ, ಕತೆ ತೀರ್ತು. ಕಣ್ಣು ಮುಚ್ಚು.